ಮೇಜಿನುದ್ದದ ಸ್ಯಾಂಡ್‌ವಿಚ್

ಇಸ್ತ್ರಿ ಅಕ್ಕ ಕಟಿಂಗ್ ಮೇಜನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು. ಹೊಲಿಗೆ ಅಂಗಡಿಗೆ ಇನ್ನೂ ಯಾರೂ ಬಂದಿರಲಿಲ್ಲ. ಮಷಿನ್‌ಗಳು ಮುಸುಕು ಹಾಕಿಕೊಂಡು ಸುಮ್ಮನೆ ಕೂತಿದ್ದವು. ಸೀಮೆಸುಣ್ಣದ ಹಳೆಯ ಗೆರೆಗಳನ್ನು ಉಜ್ಜಿ ತೆಗೆದು, ಹಲಗೆಯ ಸಂದಿಯಲ್ಲಿದ್ದ ನೂಲಿನ ಚೂರುಗಳನ್ನು ಉಗುರಿನಿಂದ ಕೆದಕಿ, ಮೇಲೆ ಬಿಳಿ ಕಾಗದ ಹಾಸಿದಳು. ಆಮೇಲೆ ಬಾಗಿಲ ಕಡೆ ಒಮ್ಮೆ ನೋಡಿ, ಮಾಸ್ತರು ನಿಲ್ಲುವ ಜಾಗದಲ್ಲಿ ಒಂದು ಕ್ಷಣ ನಿಂತಳು. ಜಾಗ ಕಾಲಿಗೆ ಹಿತವಾಗಿತ್ತು.

ಕಟಿಂಗ್ ಮಾಸ್ತರಿಗೆ ಇವತ್ತು ಕೊನೆಯ ದಿನ. ಮಧ್ಯಾಹ್ನ ಅಂಗಡಿಯಲ್ಲೇ ಪಾರ್ಟಿ. ಅವರ ಮೇಜು ಮುಂದೆ ಯಾರಿಗೆ ಎನ್ನುವುದೇ ಪ್ರಶ್ನೆ. ವರ್ಷಗಳಿಂದ ಬೇರೆಯವರು ಕತ್ತರಿಸಿದ್ದಕ್ಕೆ ಇಸ್ತ್ರಿ ಒತ್ತಿ ಒತ್ತಿ ಅಕ್ಕನ ಕೈ ಕತ್ತರಿಗಾಗಿ ತುರಿಸುತ್ತಿತ್ತು. ಮೇಜು ಕೊಡಿ ಎನ್ನುವ ಅವಳ ಮಾತು ಕೇಳಿ ಕೇಳಿ ಅಂಗಡಿಯ ಯಜಮಾನಿಗೂ ಸಾಕಾಗಿ ಹೋಗಿತ್ತು.

"ಪಾರ್ಟಿ ಊಟ ನಿಂದು," ಅಂದಿದ್ದಳು ಯಜಮಾನಿ. "ಗಿರಾಕಿಗಳು ಬರ್ತಾರೆ, ಪಕ್ಕದ ಅಂಗಡಿಯವರು ಬರ್ತಾರೆ. ಎಲ್ಲರ ಪಾಲೂ ಒಂದೇ ಅಳತೆಗೆ ಬಂದು, ಯಾರೂ ಗೊಣಗದೆ ತಿಂದ್ರೆ, ನಾಳೆಯಿಂದ ಮೇಜು ನಿಂದು."

ತಟ್ಟೆತಟ್ಟೆಗೆ ಬಡಿಸುವುದರಲ್ಲಿ ಏನು ಕೈಚಳಕ? ಮೇಜಿನುದ್ದಕ್ಕೂ ಒಂದೇ ಒಂದು ಸ್ಯಾಂಡ್‌ವಿಚ್ ಮಾಡಬೇಕು, ಎಲ್ಲರ ಕಣ್ಣೆದುರಿಗೇ ಅದನ್ನು ನೆಟ್ಟಗೆ ಕೊಯ್ಯಬೇಕು ಎಂದು ಅಕ್ಕ ನಿರ್ಧರಿಸಿಬಿಟ್ಟಳು.

ಬೇಕರಿಯವನು ಮೂರು ಬ್ರೆಡ್ಡುಗಳನ್ನು ಸೌದೆಯಂತೆ ಹೊತ್ತುಕೊಂಡು ಬಂದ.

"ಒಂದೇ ಬ್ರೆಡ್ ಅಂದಿದ್ದೆ," ಅಂದಳು ಅಕ್ಕ.

"ಒಂದೇ ಹಿಟ್ಟಿಂದು ಅಕ್ಕ. ನೀವು ಹೇಳಿದ ಉದ್ದಕ್ಕೆ ಮಾಡ್ಬೇಕಂದ್ರೆ ಗೋಡೆ ಒಡೆದು ಬ್ರೆಡ್ಡಿನ ತುದೀನ ಪಕ್ಕದ ಕ್ಷೌರದಂಗಡಿಗೆ ತೂರಿಸ್ಬೇಕಿತ್ತು."

"ಇಟ್ಟುಹೋಗು. ಜೋಡಿಸ್ತೀನಿ."

ಅಷ್ಟರಲ್ಲಿ ಉಳಿದವರು ಬಂದರು. ಕಾಲರ್ ಕೂರಿಸುವ ಭಾವ, ಗುಂಡಿ ಹಚ್ಚುವ ಅತ್ತೆ, ಅಂಚು ಮಡಚುವ ರೇಡಿಯೋ. ನಂಟೇನಲ್ಲ, ಅಂಗಡಿಯಲ್ಲಿ ಕರೆಯುವ ಹೆಸರುಗಳು. ಭಾವನಿಗೂ ಅತ್ತೆಗೂ ಮಾತು ನಿಂತು ಯಾವ ಕಾಲವಾಯಿತೋ. ಏನಿದ್ದರೂ ಮೂರನೆಯವರ ಮೂಲಕವೇ ಸಾಗಬೇಕು. ರೇಡಿಯೋಗೆ ಆ ಹೆಸರು ಬಂದದ್ದು, ಅವನಿಗೆ ನಿಲ್ಲಿಸುವ ಗುಂಡಿ ಇಲ್ಲದ್ದರಿಂದ.

"ನೇರ ಜೋಡಿಸಿದ್ರೆ ಎದ್ದು ಕಾಣುತ್ತೆ," ಅಂದ ಭಾವ. "ಪಟ್ಟಿ ಜೋಡಿಸೋ ಹಾಗೆ ತುದಿಗಳನ್ನ ಓರೆಯಾಗಿ ಕೊಯ್ದು ಕೂಡಿಸು. ಹಾಗೇ ಅವರಿಗೆ ಹೇಳು, ಬೆಣ್ಣೆ ಮುಟ್ಟೋಕೆ ಮುಂಚೆ ಕೈ ತೊಳ್ಕೊಳ್ಳೋಕೆ."

"ಅವನಿಗೆ ಹೇಳು," ಅಂದಳು ಅತ್ತೆ, "ನನ್ನ ಕೈ ಅವನ ನಾಲಿಗೆಗಿಂತ ಚೊಕ್ಕಟವಾಗಿದೆ ಅಂತ. ಅಕ್ಕ, ನೀನು ಅಂಚು ಬಿಟ್ಟು ತುಂಬು. ಬೆರಳಗಲ ಬಿಡದಿದ್ರೆ ಒಳಗಿನ ಸೌತೆಕಾಯೆಲ್ಲ ಕಿಟಕಿಯಿಂದ ಇಣುಕೋ ಮಕ್ಕಳ ಥರ ಇಣುಕುತ್ತೆ."

ಅಕ್ಕ ಇಬ್ಬರ ಮಾತನ್ನೂ ಕೇಳಿದಳು. ತುದಿಗಳನ್ನು ಓರೆಯಾಗಿ ಕೊಯ್ದಳು, ಬೆಣ್ಣೆ ಸವರಿದಳು, ಬೇಯಿಸಿದ ಮೊಟ್ಟೆ, ಸೌತೆಕಾಯಿ, ಟೊಮೇಟೊ, ಚೀಸ್ ಸಾಲಾಗಿ ಜೋಡಿಸಿದಳು. ಕೆಳಗಿನ ಪದರ ಮುಗಿಸಿ, ಮೇಲಿನದನ್ನು ಮುಚ್ಚಿ, ಬೆವರು ಒರೆಸಿಕೊಂಡು ಬರಲು ಒಳಗೆ ಹೋದಳು. ಬರುವಷ್ಟರಲ್ಲಿ ಸ್ಯಾಂಡ್‌ವಿಚ್ ಮುಳ್ಳುಹಂದಿಯಾಗಿತ್ತು.

ಜೋಡಣೆ ಜರುಗಬಾರದೆಂದು ರೇಡಿಯೋ ಎರಡೂ ಸಂದಿಗಳಿಗೆ ಉದ್ದಕ್ಕೂ ಪಿನ್ನು ಚುಚ್ಚಿದ್ದ. ಬಟ್ಟೆ ಕಂಡಲ್ಲಿ ಪಿನ್ನು ಚುಚ್ಚುವ ಕೈ. ಬ್ರೆಡ್ಡು ಕಂಡು ಬೇರೆ ದಾರಿ ಹುಡುಕಲಿಲ್ಲ.

"ತಿನ್ನೋ ವಸ್ತುವಿಗೆ ಪಿನ್ನು ಹಾಕಿದ್ಯಾ?" ಅಕ್ಕನ ದನಿ ಏರಲಿಲ್ಲ. ಅದೇ ಹೆಚ್ಚು ಹೆದರಿಸಿತು. ರೇಡಿಯೋ ಸರಸರ ಕಿತ್ತ. ಕಿತ್ತ ಪಿನ್ನುಗಳನ್ನೆಲ್ಲ ಅಕ್ಕ ಒಂದೊಂದಾಗಿ, ಅವು ಸಾಲಾಗಿ ಚುಚ್ಚಿಕೊಂಡು ಬಂದಿದ್ದ ಹೊಸ ಕಾರ್ಡಿನ ತೂತುಗಳಿಗೆ ವಾಪಸ್ಸು ಸಿಕ್ಕಿಸಿದಳು. ಕೊನೆಗೆ ಒಂದು ತೂತು ಖಾಲಿ ಉಳಿಯಿತು.

ಎಲ್ಲರೂ ಆ ಖಾಲಿ ತೂತನ್ನು ನೋಡಿದರು. ಆಮೇಲೆ ಸ್ಯಾಂಡ್‌ವಿಚ್ಚನ್ನು ನೋಡಿದರು.

"ಬಿಸಾಕಿ, ಬೇರೆ ಏನಾದ್ರೂ ತರಿಸೋಣ," ಅಂದ ಭಾವ.

"ಬಿಸಾಕಲ್ಲ," ಅಂದಳು ಅಕ್ಕ. "ಒಳಗಿದ್ರೆ ತೆಗೀತೀನಿ. ಎಲ್ಲರೂ ಬನ್ನಿ."

ನೆಲದ ಸೂಜಿ ಗುಡಿಸುವ ಆಯಸ್ಕಾಂತವನ್ನು ತೊಳೆದು ತಂದು ಬ್ರೆಡ್ಡಿನ ಮೇಲೆ ಸವರಿದಳು. ಏನೂ ಅಂಟಲಿಲ್ಲ. ಭಾವ ಒಂದು ತುದಿ ಎತ್ತಿ ಹಿಡಿದ, ಅತ್ತೆ ಇನ್ನೊಂದು ತುದಿ ಹಿಡಿದಳು. ರೇಡಿಯೋ ತುಟಿ ಬಿಗಿದು, ಕೂಸಿನ ಮೈ ತಡವುವಂತೆ ಹಗುರಾಗಿ ಒತ್ತುತ್ತಾ ಬಂದ. ಅಕ್ಕ ಕಿವಿಯಿಟ್ಟು ಕೇಳಿದಳು.

"ಸ್ವಲ್ಪ ಮೇಲೆತ್ತು," ಅಂದಳು ಅತ್ತೆ, ನೇರವಾಗಿ ಭಾವನಿಗೇ.

"ಎತ್ತಿದೀನಿ, ನೀನು ಬಿಡಬೇಡ," ಅಂದ ಭಾವ, ನೇರವಾಗಿ ಅತ್ತೆಗೇ.

ನಾಲ್ಕೂ ತಲೆಗಳು ಒಂದಕ್ಕೊಂದು ತಾಗಿಕೊಂಡಿದ್ದವು. ಬಾಗಿಲಲ್ಲಿ ಯಾರೋ ಮೂಗು ಎಳೆದ ಸದ್ದಾಯಿತು. ತಿರುಗಿದರೆ, ಮಾಸ್ತರು. ಎಷ್ಟು ಹೊತ್ತಿನಿಂದ ನಿಂತಿದ್ದರೋ ಏನೋ. ಅವರ ಹಿಂದೆ ಯಜಮಾನಿ. ಅವಳ ಹಿಂದೆ ಹಸಿದ ಗಿರಾಕಿಗಳ ಸಾಲು.

ಬ್ರೆಡ್ಡನ್ನು ಕಾಗದದ ಮೇಲೆ ಇಳಿಸಿದರು. ಹುಡುಕಲು ಇನ್ನು ಹೊತ್ತಿಲ್ಲ.

"ಮೊದಲು ಯಾರಾದ್ರೂ ಮಾಸ್ತರ ಬಗ್ಗೆ ಎರಡು ಮಾತಾಡಿ," ಅಂದಳು ಯಜಮಾನಿ. "ಏನೋ ರೇಡಿಯೋ, ಇವತ್ತೇನು ಮಂಕಾಗಿದೀಯ? ಹೇಳು."

ರೇಡಿಯೋ ಮುಂದೆ ಬಂದ. ಗಂಟಲು ಸರಿಮಾಡಿಕೊಂಡ. ಬಾಯಿಗೆ ಕೈ ಹಾಕಿ, ತುಟಿಯ ನಡುವಿನಿಂದ ಒಂದು ಪಿನ್ನು ತೆಗೆದು ಅಂಗಿಗೆ ಚುಚ್ಚಿಕೊಂಡು, "ನಮ್ಮ ಮಾಸ್ತರು ಅಂದ್ರೆ," ಅಂತ ಶುರುಮಾಡಿದ.

ಅಕ್ಕ, ಅತ್ತೆ, ಭಾವ ಮೂವರೂ ಅವನನ್ನು ನೋಡಿದರು. ಪಿನ್ನು ತುಟಿಯಲ್ಲಿ ಕಚ್ಚಿಕೊಳ್ಳುವುದು ಅಂಚು ಮಡಚುವಾಗಿನ ಅಭ್ಯಾಸ. ಕಚ್ಚಿಕೊಂಡದ್ದು ಅವನಿಗೇ ಮರೆತುಹೋಗಿತ್ತು. ಅವನ ಮಾತಿಲ್ಲದೆ ಅಂಗಡಿ ಇಷ್ಟು ಹೊತ್ತು ತಣ್ಣಗಿದ್ದದ್ದೇಕೆಂದು ಯಾರೂ ಕೇಳಿರಲಿಲ್ಲ. ಸಿಕ್ಕಿದ ನೆಮ್ಮದಿಗೆ ಕಾರಣ ಯಾರು ಕೇಳುತ್ತಾರೆ.

ಅಕ್ಕ ಚಾಕು ಎತ್ತಿಕೊಂಡಳು. ಒಂದು ಗೆರೆ, ಇನ್ನೊಂದು ಗೆರೆ. ಒಂದೊಂದು ತುಂಡೂ ಪಕ್ಕದ ತುಂಡಿನ ಅವಳಿಯಂತೆ ಬಂತು. ದೊಡ್ಡದು ಆರಿಸಲು ಬಂದ ಕ್ಷೌರದಂಗಡಿಯವನು ಸೋತು, ಸಿಕ್ಕಿದ್ದನ್ನು ತೆಗೆದುಕೊಂಡು ಹೋದ. ಯಾರೂ ಗೊಣಗಲಿಲ್ಲ.

ಯಜಮಾನಿ ತುಂಡೊಂದನ್ನು ಬೆಳಕಿಗೆ ಹಿಡಿದು ನೋಡಿದಳು. "ಕೈ ನೆಟ್ಟಗಿದೆ. ಎಲ್ಲರೂ ಕೇಳಿ, ನಾಳೆಯಿಂದ ಈ ಮೇಜು..."

"ಅದಕ್ಕೆ ಮುಂಚೆ ನಂದೊಂದು ಮಾತು," ಅಂದರು ಮಾಸ್ತರು. ಅವರ ಕಣ್ಣು ಒದ್ದೆಯಾಗಿತ್ತು. "ನಾನು ಬಿಡ್ತಿದ್ದದ್ದು ವಯಸ್ಸಾಯ್ತು ಅಂತಲ್ಲ. ಇಲ್ಲಿ ಒಬ್ಬೊಬ್ರು ಒಂದೊಂದು ಗೋಡೆ ನೋಡ್ಕೊಂಡು ಊಟ ಮಾಡ್ತಾರೆ. ಅದನ್ನ ನೋಡಿ ನೋಡಿ ಮನಸ್ಸು ರೋಸಿಹೋಗಿತ್ತು. ಇವತ್ತು ಬಾಗಿಲಲ್ಲಿ ನಿಂತು ನೋಡಿದೆ. ಒಂದೇ ಬ್ರೆಡ್ಡು, ನಾಲ್ಕು ಜನರ ಕೈ, ಎಷ್ಟು ಅಕ್ಕರೆಯಿಂದ ಹಿಡ್ಕೊಂಡಿದ್ರಿ. ಇಂಥವರನ್ನ ಬಿಟ್ಟು ಎಲ್ಲಿಗೆ ಹೋಗ್ಲಿ? ನಾನು ಹೋಗಲ್ಲ."

ಚಪ್ಪಾಳೆಗೆ ಮಷಿನ್‌ಗಳು ಅದುರಿದವು. ಅಕ್ಕ ಬಾಯಿ ತೆರೆದಳು. ಅದು ಅಕ್ಕರೆಯಲ್ಲ, ಪಿನ್ನು ಹುಡುಕುತ್ತಿದ್ದೆವು ಅನ್ನಬೇಕು. ಹಾಗಂದುಬಿಟ್ಟರೆ, ಅಗಿಯುತ್ತಿದ್ದ ಬಾಯಿಗಳೆಲ್ಲ ಅಲ್ಲೇ ನಿಲ್ಲುತ್ತವೆ. ಬಾಯಿ ಮುಚ್ಚಿಕೊಂಡಳು.

"ಏನು ಕೈ ನಿಂದು," ಯಜಮಾನಿ ಅವಳ ಬೆನ್ನು ತಟ್ಟಿದಳು. "ಮುಂದಿನ ಪಾರ್ಟಿಗೂ ಊಟ ನಿಂದೇ."

ಮಾಸ್ತರ ಸುತ್ತ ಬೆಂಚುಗಳು ತುಂಬಿದವು. ಅತ್ತೆ ಭಾವನಿಗೆ ತನ್ನ ಪಾಲಿನ ಚೀಸ್ ತೆಗೆದುಕೊಡುತ್ತಿದ್ದಳು. ರೇಡಿಯೋ ಇನ್ನೂ ಮಾತಾಡುತ್ತಿದ್ದ. ಅಕ್ಕ ಚಾಕು ಕೆಳಗಿಟ್ಟು, ಬೆಣ್ಣೆಯ ಕೈ ಒರೆಸಿಕೊಂಡು, ಬೆಂಚಿನ ಹತ್ತಿರ ಬಂದು ನಿಂತಳು.

"ಸ್ವಲ್ಪ ಸರೀರಿ," ಅಂದಳು. "ನಾನೂ ಕೂತ್ಕೋತೀನಿ."