ಬೋರಲು ಮಲಗಿ ಕೇಳಿದ ಪ್ರೇಮಕಥೆ

ಮದುವೆಯಾಗಿ ಇಪ್ಪತ್ತಾರು ವರ್ಷ ಕಳೆದ ಮೇಲೆ ಹೆಂಡತಿಗೆ ಪ್ರೇಮಕಥೆ ಓದಿ ಹೇಳಲು ಕೂತವನ ಮನೆಯಲ್ಲಿ ಇಂಥವೆಲ್ಲ ಆಗುತ್ತಲೇ ಇರುತ್ತವೆ. ನಾನು ವಿಕ್ರೋಳಿಯ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳ ಅಳತೆ ಪರೀಕ್ಷಿಸುವವನು. ಕಾದಂಬರಿಯ ಗೊಡವೆಗೆ ಹೋದವನಲ್ಲ. ಓದುವ ಹುಚ್ಚು ನನ್ನಾಕೆಯದು. ಚೆಂಬೂರಿನ ಶಾಲೆಯೊಂದರಲ್ಲಿ ಇಂಗ್ಲಿಷ್ ಟೀಚರು. ಎಂಟು ದಪ್ಪ ಸಂಪುಟಗಳ ಒಂದು ಇಂಗ್ಲಿಷ್ ಕಥೆ ಹಿಡಿದಿದ್ದಳು. ಮ್ಯೂಸಿಯಮ್ಮಿನಲ್ಲಿ ಹಳೆಯ ನಕ್ಷೆಗಳನ್ನು ದುರಸ್ತಿ ಮಾಡುವ ಹೆಣ್ಣುಮಗಳೊಬ್ಬಳು ಪಾಳುಬಿದ್ದ ದೀಪಸ್ತಂಭದ ಮೆಟ್ಟಿಲಿಳಿದು ನಾನೂರು ವರ್ಷ ಹಿಂದಕ್ಕೆ ಹೋಗುತ್ತಾಳೆ. ಅಲ್ಲಿ ಒಬ್ಬ ಹಡಗಿನ ಕ್ಯಾಪ್ಟನ್. ಇಲ್ಲಿ, ಈ ಕಾಲದಲ್ಲಿ, ಅವಳ ಗಂಡ. ಪಾಪ, ಭೂಗೋಳದ ಮೇಷ್ಟ್ರು. ಸುಮ್ಮನೆ ಕಾಯುತ್ತಿರುತ್ತಾನೆ.

ಐದು ಸಂಪುಟ ಮುಗಿಯುವ ಹೊತ್ತಿಗೆ ನನ್ನಾಕೆಯ ಬಲಗಣ್ಣಿನ ಹಿಂದಿನ ಪರದೆ ಕಳಚಿತು. ಎಡಗಣ್ಣು ಚಿಕ್ಕಂದಿನಿಂದಲೂ ಮಂದ. ಆಪರೇಷನ್ ಆಯಿತು. "ಹತ್ತು ದಿನ ಮುಖ ಕೆಳಗೆ ಮಾಡಿಯೇ ಮಲಗಬೇಕು. ಎರಡು ತಿಂಗಳು ಓದು ಬೇಡ" ಎಂದರು ಡಾಕ್ಟರು. ನೋಟ ಎಷ್ಟು ವಾಪಸ್ ಬರುತ್ತದೆ ಎಂಬುದನ್ನು ಮಾತ್ರ ಹೇಳಲಿಲ್ಲ. ನಾನು ಅದನ್ನು ಕೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವಳು ಕೇಳಿದಳು, "ಹಂಗಾದ್ರ ಆರನೇ ಸಂಪುಟ ಯಾರು ಓದಬೇಕ್ರೀ?"

೧. ಇಂಗ್ಲಿಷ್ ನಿಂತದ್ದು

ಮಂಚದ ಅಂಚಿನಿಂದ ಮುಖ ಇಳಿಬಿಟ್ಟು ಅವಳು, ಕೆಳಗೆ ಚಾಪೆಯ ಮೇಲೆ ನಾನು. ಮಗಳು ಫೋನ್ ಹಿಡಿದು ಬಂದಳು. "ಪಪ್ಪಾ, ಆಡಿಯೋಬುಕ್ ಇದೆ ನಾ. ಮಮ್ಮಿಗೆ ಯಾಕೆ ಟಾರ್ಚರ್?"

ಅದನ್ನೂ ಒಂದು ತಾಸು ಕೇಳಿ ನೋಡಿದ್ದಾಯಿತು. "ಅದರಾಗ ಓದಾಕಿ ಒಂದು ಕಡೆನೂ ತಡವರಿಸಂಗಿಲ್ಲ. ನಿದ್ದಿ ಬರತದ" ಎಂದಳು ನನ್ನಾಕೆ.

ತಡವರಿಸುವುದಾದರೆ ನಾನಿದ್ದೆ. ವಿಜಯಪುರದಲ್ಲಿ ಕನ್ನಡ ಶಾಲೆಗೆ ಹೋಗಿ, ಆಮೇಲೆ ಡಿಪ್ಲೊಮಾ ಮಾಡಿದವನು. ಮೊದಲ ಪುಟದಲ್ಲೇ 'ಐಲ್ಯಾಂಡ್' ಅನ್ನುವುದಕ್ಕೆ 'ಇಸ್‌ಲ್ಯಾಂಡ್' ಅಂದೆ. ಮಂಚ ಅಲುಗಿತು. ಎರಡನೆಯ ಪುಟದಲ್ಲಿ 'ಯಾಟ್' ಅನ್ನುವುದಕ್ಕೆ 'ಯಾಚ್ಟ್' ಅಂದೆ. ದಿಂಬು ಬಂದು ನನ್ನ ಎದೆಯ ಮೇಲೆ ಬಿತ್ತು. ತಲೆ ಅಲುಗಿಸಲೇಬಾರದು ಎಂದು ಡಾಕ್ಟರು ಹೇಳಿದ್ದರು.

"ಕನ್ನಡದಾಗ ಹೇಳ್ರಿ" ಎಂದಳು ನಗು ಹಿಡಿದುಕೊಂಡು. "ನಿಮ್ಮ ಇಂಗ್ಲಿಷಿಗೆ ನನ್ನ ಕಣ್ಣು ಹೋಗತದ."

೨. ಲೇಟು

ಕನ್ನಡದಲ್ಲಿ ಹೇಳಬೇಕೆಂದರೆ ಮೊದಲೇ ಓದಿಟ್ಟುಕೊಳ್ಳಬೇಕು. ಬೆಳಿಗ್ಗೆ ಕುರ್ಲಾದಿಂದ ವಿಕ್ರೋಳಿ ಕಡೆಗೆ ಹೋಗುವ ಲೋಕಲ್ ರೈಲಿನಲ್ಲಿ ಪುಸ್ತಕ ಬಿಚ್ಚುವಷ್ಟು ಜಾಗ ಸಿಗುತ್ತದೆ. ಮುಖಪುಟದಲ್ಲಿ ಕ್ಯಾಪ್ಟನ್ನನ ಅಂಗಿಗೆ ಒಂದೂ ಗುಂಡಿ ಇರಲಿಲ್ಲ. ಹಳೆ ಪೇಪರಿನ ಹೊದಿಕೆ ಹಾಕಿದೆ.

ಪಕ್ಕದಲ್ಲಿ ದಿನಾ ಒಬ್ಬ ಮರಾಠಿ ಹಿರಿಯರು ಕೂರುತ್ತಿದ್ದರು. ಒಂದು ದಿನ ನಾನು ಪುಟ ತಿರುವಲು ಹೋದಾಗ ಅವರ ಬೆರಳು ಅಡ್ಡ ಬಂತು. "ಥಾಂಬಾ, ಥಾಂಬಾ." ತಡೆಯಿರಿ ಎಂದು. ಆ ಪುಟ ಅವರು ಓದಿ ಇನ್ನೂ ಮುಗಿದಿರಲಿಲ್ಲ! ಅವತ್ತು ಆ ಹೆಣ್ಣುಮಗಳನ್ನು ಕಡಲ್ಗಳ್ಳರು ಹಿಡಿದಿದ್ದರು. ಘಾಟ್ಕೋಪರ್‌ನಲ್ಲಿ ಇಳಿಯಬೇಕಾದವರು ಇಳಿಯದೆ ವಿಕ್ರೋಳಿವರೆಗೂ ಬಂದು, ಅವಳು ಬಿಡುಗಡೆಯಾದದ್ದನ್ನು ಕಂಡೇ ಎದ್ದರು.

"ಆಫೀಸಿಗೆ ತಡವಾಗಲಿಲ್ಲವೆ?" ಎಂದೆ ಹಿಂದಿಯಲ್ಲಿ.

"ಅವಳು ನಾನೂರು ವರ್ಷ ಲೇಟು" ಎಂದರು. "ನಾನು ಇಪ್ಪತ್ತು ನಿಮಿಷ."

೩. ಹವಾಮಾನ

ಆರನೇ ಸಂಪುಟದ ನಡುವೆ ಕ್ಯಾಪ್ಟನ್ ಅವಳನ್ನು ತನ್ನ ಕೋಣೆಗೆ ಕರೆದುಕೊಂಡು ಹೋದ. ಓದಿದವನು ನಾನೇ ಬೆವೆತಿದ್ದೆ. ಪಕ್ಕದ ಕೋಣೆಯಲ್ಲಿ ಮಗಳು. ನಾನು ಹೇಳಿದೆ, "ಬಾಗಿಲು ಹಾಕ್ಕೊಂಡ್ರು. ಮಾತಾಡಿದ್ರು. ಬೆಳಕಾತು."

"ಎಷ್ಟು ಪುಟ ಮಾತಾಡಿದ್ರು?"

"ಒಂಬತ್ತು."

"ಏನು ಮಾತಾಡಿದ್ರು?"

"ಹವಾಮಾನ."

ಗೋಡೆಯ ಆಚೆಯಿಂದ ಮಗಳು ಕೂಗಿದಳು, "ಮಮ್ಮೀ, ಬಹಳ ಸ್ಟಾರ್ಮ್ ಇತ್ತು!"

೪. ಯಾವ ವರ್ಷಕ್ಕೆ

ಏಳನೇ ಸಂಪುಟ ಶುರುವಾದಾಗ ಅವಳು ಎದ್ದು ಕೂತು ಕೇಳುವಂತಾಗಿದ್ದಳು. ನೋಟ ಮಾತ್ರ ಮಂಜು ಮಂಜು. ಒಂದು ಸಂಜೆ ಕೇಳಿದೆ, "ನಿನಗೂ ಅಂಥಾ ಮೆಟ್ಟಿಲು ಸಿಕ್ಕರ ಯಾವ ವರ್ಷಕ್ಕ ಹೋಗ್ತಿ?" ಮದುವೆಯ ವರ್ಷ ಅನ್ನಬಹುದೆಂದು ನನಗೊಂದು ಸಣ್ಣ ಆಸೆ.

"ವರ್ಷ ಬ್ಯಾಡ. ಹೋದ ತಿಂಗಳು ಸಾಕು" ಎಂದಳು.

ಕಣ್ಣಿಗೆ ಕಪ್ಪು ಪರದೆ ಇಳಿದಂತಾದ ಮೇಲೂ ನಾಲ್ಕು ದಿನ ಯಾರಿಗೂ ಹೇಳದೆ ಪರೀಕ್ಷೆಯ ಪೇಪರ್ ತಿದ್ದಿದ್ದಳಂತೆ. ಮಕ್ಕಳ ರಿಸಲ್ಟ್ ತಡವಾಗಬಾರದು ಅಂತ. ನನಗೆ ಅದು ಗೊತ್ತಾದದ್ದೇ ಆ ಸಂಜೆ. ಒಂದೇ ಮನೆಯಲ್ಲಿದ್ದೆ. ದಿನಾ ನೂರಾರು ಬಿಡಿಭಾಗಗಳಲ್ಲಿ ಕೂದಲೆಳೆಯ ವ್ಯತ್ಯಾಸ ಹಿಡಿಯುವವನು, ಎದುರಿಗೆ ಕೂತವಳ ಕಣ್ಣು ನೋಡಿರಲಿಲ್ಲ. ಪುಸ್ತಕ ಮುಚ್ಚಿದೆ.

"ನಾನೂ ಬರ್ತೀನಿ" ಎಂದೆ.

"ನೀವು ಯಾಕ?"

"ಆ ಪೇಪರ್ ಕಸಗೊಳ್ಳಾಕ."

"ಹಂಗಾದ್ರ ಕೆಂಪು ಪೆನ್ನೂ ತೊಗೊಂಡು ಬರ್ರಿ" ಎಂದಳು. "ಉಳಿದದ್ದು ನೀವು ತಿದ್ದೀರಂತ. ಇಸ್‌ಲ್ಯಾಂಡ್ ಬರೆದವರೆಲ್ಲ ಪಾಸ್."

೫. ಎಂಟನೆಯದರ ಕೊನೆ

ಒಂದು ಮಾತು ಒಪ್ಪಿಕೊಳ್ಳಬೇಕು. ಅಷ್ಟು ಹೊತ್ತಿಗೆ ನಾನು ಭೂಗೋಳದ ಮೇಷ್ಟ್ರ ಪಕ್ಷ ಸೇರಿದ್ದೆ. ಒಂದೊಂದು ಸಂಪುಟದ ಎಂಟುನೂರು ಪುಟದಲ್ಲಿ ಅವನಿಗೆ ಸಿಗುತ್ತಿದ್ದದ್ದು ಐದೋ ಆರೋ. ಕತ್ತಿ ಇಲ್ಲ, ಕುದುರೆ ಇಲ್ಲ. ಸಂಜೆ ಮನೆಗೆ ಬಂದು ದೀಪ ಹಾಕುತ್ತಾನೆ, ಅಷ್ಟೇ. ಕೊನೆಯ ಅಧ್ಯಾಯವನ್ನು ಲೋಕಲ್ಲಿನಲ್ಲಿ ಓದಿದೆ. ಅವಳು ದೀಪಸ್ತಂಭದವರೆಗೆ ಬಂದು, ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ತಿರುಗಿ ಕ್ಯಾಪ್ಟನ್ ಹತ್ತಿರವೇ ಹೋದಳು. ಅಲ್ಲಿಗೆ ಕಥೆ ಮುಗಿಯಿತು.

ಸಂಜೆ ಹೆಂಡತಿಯ ಮುಂದೆ ಕೂತರೆ ಆ ಮಾತು ನನ್ನ ಬಾಯಿಂದ ಹೊರಡಲಿಲ್ಲ. ನನ್ನ ಕಥೆಯಲ್ಲಿ ಅವಳು ಮೆಟ್ಟಿಲು ಹತ್ತಿದಳು, ಮನೆಗೆ ಬಂದಳು, ಮೇಷ್ಟ್ರು ಬಾಗಿಲು ತೆಗೆದ. ನನ್ನಾಕೆ "ಚೊಲೋ ಆತು" ಎಂದು ಎದ್ದು ಹೋದಳು.

ಆಪರೇಷನ್ ಆಗಿ ಎರಡು ತಿಂಗಳ ಮೇಲೆ ಹೊಸ ಕನ್ನಡಕ ಬಂತು. ಮೊದಲಿನಷ್ಟಲ್ಲದಿದ್ದರೂ ಅಕ್ಷರ ಕಾಣುವಷ್ಟು ನೋಟ ಬಂದಿತ್ತು. ಆ ಭಾನುವಾರ ನಾನು ಅಡಿಗೆಮನೆಯಲ್ಲಿ ಬೀನ್ಸ್ ಹೆಚ್ಚುತ್ತಿದ್ದೆ. ಅವಳು ಎಂಟನೇ ಸಂಪುಟ ಹಿಡಿದು ಬಾಗಿಲಲ್ಲಿ ನಿಂತಳು.

"ಅಕಿ ವಾಪಸ್ ಬಂದೇ ಇಲ್ಲಲ್ರೀ."

ನಾನು ಮುಂದಿನ ಬೀನ್ಸಿಗೆ ಕೈ ಹಾಕಿದೆ.

"ನನಗ ಅವತ್ತೇ ಗೊತ್ತಿತ್ತು" ಎಂದಳು. "ಖಾತ್ರಿ ಮಾಡ್ಕೊಳ್ಳೋಣಂತ ಓದಿದೆ."

"ಹೆಂಗ ಗೊತ್ತಾತು?"

"ನಾನೂರು ವರ್ಷ ದಾಟಿ ಹೆಂಡತಿ ಬಂದು ಬಾಗಿಲಿಗೆ ನಿಂತಾಳ. ಮೇಷ್ಟ್ರ ಬಾಯಾಗ ನೀವು ಮೊದಲನೇ ಮಾತು ಏನು ಇಟ್ರಿ? 'ಚಪ್ಪಲಿ ಹೊರಗ ಬಿಡು' ಅಂತ! ಯಾವ ಇಂಗ್ಲಿಷ್ ಪುಸ್ತಕದಾಗ ಹಂಗ ಇರತದ?"

ನನಗೆ ಮೇಷ್ಟ್ರನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ.

"ಹಡಗಿನಿಂದ ಇಳದು ಬಂದಾಕಿ" ಎಂದೆ. "ಅಂವ ಅವತ್ತು ಮುಂಜಾನೆನೇ ನೆಲ ಒರಸಿದ್ದ."