ಮಂಗಳಾರತಿಯ ಹೊತ್ತಿಗೆ ವಾಲುವುದು

ದೇವರ ಮುಂದೆ ಕಣ್ಣು ಮುಚ್ಚಿ ನಿಲ್ಲುವುದು ಇಷ್ಟು ಕಷ್ಟದ ಕೆಲಸವೆಂದು ಐವತ್ತೆರಡು ವರ್ಷ ನನಗೆ ಗೊತ್ತೇ ಇರಲಿಲ್ಲ. ಭಕ್ತಿಗೇನೂ ಕೊರತೆಯಿಲ್ಲ. ಕಣ್ಣು ಮುಚ್ಚಿದೊಡನೆ ಮೈ ಬಲಕ್ಕೆ ವಾಲುತ್ತದೆ, ಅಷ್ಟೇ. ಬಲಗಿವಿಯ ಒಳಗಿನ ನರದ ಮೇಲೆ ಹುಣಸೆಬೀಜದಷ್ಟು ಗಡ್ಡೆ ಬೆಳೆದಿತ್ತು. "ಕ್ಯಾನ್ಸರ್ ಅಲ್ಲಮ್ಮ, ಸಾಧು ಗಡ್ಡೆ" ಎಂದರು ಬೆಂಗಳೂರಿನ ಡಾಕ್ಟರು. ನಮ್ಮ ಸೂಲಿಬೆಲೆ ಕಡೆ ಹಸು ಮಾರುವವರೂ ಹೀಗೇ ಹೇಳುತ್ತಾರೆ. ಅದರ ಸಾಧುತನ ತಿಳಿಯುವುದು ಹಾಲು ಕರೆಯಲು ಕೂತಾಗ. ರೇಡಿಯೇಷನ್ ಕೊಟ್ಟು ಹದಿನಾಲ್ಕು ತಿಂಗಳಾಯಿತು. ಗಡ್ಡೆ ತೆಪ್ಪಗಿದೆಯಂತೆ. ಆದರೆ ಗಡ್ಡೆಯ ಜೊತೆ ಶುರುವಾದ ಕಿವಿಯೊಳಗಿನ ಕಿರ್ ಸದ್ದು, ನನ್ನ ಜೀರುಂಡೆ, ಇನ್ನೂ ಕೂಗುತ್ತಲೇ ಇದೆ. ಮುಖಕ್ಕೆ ಸೋಪು ಹಚ್ಚಿಕೊಳ್ಳುವಾಗ ಒಂದು ಕೈ ನಲ್ಲಿಯನ್ನು ಹಿಡಿದೇ ಇರಬೇಕು. "ಇದೆಲ್ಲ ಯಾವಾಗ ಹೋಗುತ್ತೆ ಸಾರ್?" ಎಂದರೆ, "ಕೆಲವರಿಗೆ ಹೋಗುತ್ತೆ, ಕೆಲವರಿಗೆ ಸ್ವಲ್ಪ ಉಳಿಯುತ್ತೆ, ನೋಡೋಣ" ಎನ್ನುತ್ತಾರೆ. ಆ 'ನೋಡೋಣ' ಕೇಳಿಸಿಕೊಂಡು ಬಂದಾಗಿನಿಂದ ಕೂತಲ್ಲಿ ಕೂರಲಾರೆ. ಮಡಿಸಿಟ್ಟ ಬಟ್ಟೆಯನ್ನೇ ಕೊಡವಿ ಮತ್ತೆ ಮಡಿಸುತ್ತೇನೆ.

ಅಂಗಳದಲ್ಲಿ ಎರಡು ಸಲ ಬಿದ್ದ ಮೇಲೆ ನಮ್ಮ ಯಜಮಾನರು ಕರಾರು ಹಾಕಿದರು. "ಇನ್ನೊಂದ್ಸಲ ಬಿದ್ದೆ ಅಂದ್ರೆ ಒಬ್ಬಳೇ ಹೊಸ್ತಿಲು ದಾಟಂಗಿಲ್ಲ, ನೋಡು." ಒಬ್ಬಳೇ ಹೋಗುವ ಜಾಗ ನನಗಿದ್ದದ್ದೇ ಎರಡು: ಬೆಳಿಗ್ಗೆ ಹಾಲು ಹಾಕಲು ಡೈರಿ, ಮಂಗಳವಾರ ಅಮ್ಮನ ಗುಡಿ. ಅದನ್ನೂ ಬಿಟ್ಟುಕೊಟ್ಟರೆ ನಾನು ಮತ್ತು ಜೀರುಂಡೆ ಇಬ್ಬರೇ ಮನೆಯಲ್ಲಿ.

ಹೋದ ತಿಂಗಳು ಒಂದು ಮಂಗಳವಾರ, ಮಂಗಳಾರತಿಯ ತಮಟೆ ಸದ್ದಿಗೆ ಅಭ್ಯಾಸಬಲದಿಂದ ಕಣ್ಣು ಮುಚ್ಚಿಬಿಟ್ಟೆ. ಬಲಕ್ಕೆ ವಾಲಿದೆ. ಸಾವರಿಸಿಕೊಳ್ಳಲು ಎಡಕ್ಕೆ ಬಂದೆ, ಮತ್ತೆ ಬಲಕ್ಕೆ ಹೋದೆ. ಪಕ್ಕದ ಮನೆಯ ಸರೋಜ ಕೂಗಿದಳು, "ಅಯ್ಯೋ, ಜಯಕ್ಕನ ಮೈಮೇಲೆ ಅಮ್ಮ ಬಂದವ್ಳೆ ಕಣ್ರೇ!" ಕಣ್ಣು ಬಿಡುವಷ್ಟರಲ್ಲಿ ಕೈಯಲ್ಲಿ ಬೇವಿನ ಸೊಪ್ಪು, ಹಣೆತುಂಬ ಅರಿಸಿನ, ಎರಡೂ ತೋಳಿಗೆ ಹೆಂಗಸರ ಕೈಗಳು. ಎಷ್ಟೋ ದಿನಗಳ ಮೇಲೆ ನೆಟ್ಟಗೆ ನಿಂತಿದ್ದೆ.

"ತಾಯಿ, ನನ್ನ ಮಂಡಿನೋವು ಯಾವಾಗ ಹೋಯ್ತದೆ?" ಎಂದಳು ಸರೋಜ.

'ನೋಡೋಣ' ಎನ್ನಲು ನಾಲಿಗೆ ಏಳಲಿಲ್ಲ. "ಮೂರು ವಾರ" ಎಂದುಬಿಟ್ಟೆ. ಅವಳ ಮುಖ ಅರಳಿದ್ದು ನೋಡಿ ನನಗೇ ಹೊಟ್ಟೆಕಿಚ್ಚಾಯಿತು.

ಹಿಡಿದುಕೊಂಡೇ ಮನೆಗೆ ಕರೆತಂದರು. ಗೇಟಿನಲ್ಲಿದ್ದ ಯಜಮಾನರು ಗಾಬರಿಯಾಗಿ, "ಬಿದ್ಲಾ?" ಎಂದರು.

"ಬೀಳಾದೇನಣ್ಣ? ಅಮ್ಮ ಬಂದಿದ್ಲು! ಕೈ ಮುಗಿ ಮೊದ್ಲು!" ಎಂದಳು ಸರೋಜ.

ಯಜಮಾನರು ನನ್ನ ಮುಖ ನೋಡಿದರು. ಗಡ್ಡೆಯ ಕೆಲಸ ಎಂದರೆ ನಾಳೆಯಿಂದ ಬಾಗಿಲು ಬಂದ್. ನಾನು ಬಾಯಿ ಬಿಡಲಿಲ್ಲ. ಅವರು ಕೈ ಮುಗಿದರು, ಮದುವೆಯಾದಾಗಿನಿಂದ ಮೊದಲ ಸಲ.

ಒಬ್ಬಳೇ ನಡೆಯುವ ಆಸೆಗೆ ನುಂಗಿದ ನಿಜ ಅದು. ಈಗ ಮಂಗಳವಾರ ಬಂದರೆ ಐದು ಜನ ಹೆಂಗಸರು ಬಾಗಿಲಿಗೆ ಬರುತ್ತಾರೆ. "ಅಮ್ಮ ಬರೋ ಮೈ, ಒಂಟಿಯಾಗಿ ಬಿಡ್ಬಾರ್ದು" ಎಂದು ಡೈರಿಗೂ ಒಬ್ಬಳು ಜೊತೆ. ಮೊನ್ನೆ ಮಂಗಳಾರತಿಯಲ್ಲಿ ಧೈರ್ಯ ಮಾಡಿ ಕಣ್ಣು ಮುಚ್ಚಿದೆ. ಆಶ್ಚರ್ಯ, ಕಂಬದ ಹಾಗೆ ನಿಂತಿದ್ದೆ! ಕುಣಿಯುವಷ್ಟು ಸಂತೋಷ. ಒಂದು ಕಣ್ಣು ಬಿಟ್ಟು ನೋಡಿದರೆ ಐವರೂ ಬೇವಿನ ಸೊಪ್ಪು ಹಿಡಿದು ನನ್ನನ್ನೇ ಕಾಯುತ್ತಿದ್ದರು. ಪಾಪ, ಎಷ್ಟು ಹೊತ್ತು ಕಾಯಿಸುವುದು? ನಾನೇ ಸ್ವಲ್ಪ ಬಲಕ್ಕೆ ವಾಲಿದೆ.