ಚಿತ್ತವಾಡ್ಗಿ ನಿಲುಗಡೆಯ ಎಮ್ಮೆಗಳು

ಹೊಸಪೇಟೆಯ ನಗರ ಬಸ್ಸುಗಳನ್ನು ಖಾಸಗಿ ಕಂಪನಿಗೆ ಗುತ್ತಿಗೆ ಕೊಟ್ಟ ಮೇಲೆ ಒಂದು ಬಸ್ಸೂ ತಡವಾಗಿ ಬಂದದ್ದಿಲ್ಲ. ಯಾಕೆ, ಊಹಿಸಿ ನೋಡೋಣ. ರಸ್ತೆ ಸುಧಾರಿಸಿತೇ? ಇಲ್ಲ. ಡ್ರೈವರುಗಳು ಸುಧಾರಿಸಿದರೇ? ಛೇ, ಅವರು ಮೊದಲಿಂದಲೂ ಒಳ್ಳೆಯವರೇ. ಬಸ್ಸುಗಳು ಎಲ್ಲೂ ನಿಲ್ಲುತ್ತಿರಲಿಲ್ಲ, ಅಷ್ಟೆ.

ಕರಾರು ಸ್ಪಷ್ಟವಾಗಿತ್ತು. ಕಂಪನಿಗೆ ದುಡ್ಡು ಸಿಗುವುದು ಬಸ್ಸು ಓಡಿದ ಕಿಲೋಮೀಟರಿಗೆ, ಹತ್ತಿದ ಜನಕ್ಕಲ್ಲ. ನಿಂತ ಬಸ್ಸು ಕಿಲೋಮೀಟರ್ ಓಡಿದ ಉದಾಹರಣೆ ಈವರೆಗೆ ಎಲ್ಲೂ ವರದಿಯಾಗಿಲ್ಲ.

ಇದರಿಂದ ಫಜೀತಿಯಾದದ್ದು ಚಿತ್ತವಾಡ್ಗಿಯ ಹೂವಿನ ಕೊಟ್ರಮ್ಮನಿಗೆ. ಬೆಳಿಗ್ಗೆ ಕಟ್ಟಿದ ಮಲ್ಲಿಗೆ ಬಿಸಿಲೇರುವುದರೊಳಗೆ ಪೇಟೆ ಸೇರಬೇಕು; ಇಲ್ಲವಾದರೆ ಬಾಡಿದ್ದನ್ನೆಲ್ಲ ತಾನೇ ಮುಡಿದು ಉಪವಾಸ ಕೂರಬೇಕು. ಆಟೋ ಹಿಡಿದರೆ ಲಾಭವೆಲ್ಲ ಆಟೋದವನಿಗೆ. ಬಸ್ಸಿಗೆ ಕೈ ಮಾಡಿದಳು, ಬುಟ್ಟಿ ಎತ್ತಿ ತೋರಿಸಿದಳು. ಡ್ರೈವರ್ ಈಶ್ವರ್ ಮರ್ಯಾದಸ್ಥ. ದಿನಾ ತಪ್ಪದೆ ಕೈಯೆತ್ತಿ ನಮಸ್ಕಾರ ಮಾಡಿಯೇ ಮುಂದೆ ಹೋಗುತ್ತಿದ್ದ.

ಕೊನೆಗೆ ಕೊಟ್ರಮ್ಮ ಸಾರಿಗೆ ಕಚೇರಿಗೆ ನಡೆದೇ ಹೋದಳು.

"ಸಾಹೇಬ್ರ, ಬಸ್ ನಿಂದ್ರಂಗಿಲ್ಲಲ್ರೀ!"

ಅಧಿಕಾರಿ ಲಿಂಗರಾಜ್ ಕರಾರು ತಿರುವಿ ಹಾಕಿದರು. "ನಿಂದ್ರಬೇಕು ಅಂತ ಎಲ್ಲೂ ಬರದಿಲ್ಲಮ್ಮ. ಅನಿವಾರ್ಯ ಅಡೆತಡೆ ಇದ್ರ ಮಾತ್ರ ನಿಂದ್ರಬೌದು."

"ನಾವು ಅಡೆತಡೆ ಅಲ್ಲೇನ್ರೀ?"

"ನೀವು ಪ್ರಯಾಣಿಕರು. ಕುಂದ್ರಿ, ಚಾ ಕುಡೀರಿ."

ಮರುದಿನ ಅದೇ ಚಿತ್ತವಾಡ್ಗಿಯ ಕೆಂಚಣ್ಣನ ಎಮ್ಮೆಗಳು ಕಾಲುವೆಗೆ ಹೊರಟವು, ಯಾಕೋ ಮನಸ್ಸು ಬದಲಾಯಿಸಿ ರಸ್ತೆ ನಡುವೆಯೇ ನಿಂತವು. ಬಸ್ಸೂ ನಿಂತಿತು! ಕೊಟ್ರಮ್ಮ ಜಲ್ದಿ ಹತ್ತಿ ಕೂತಳು. ಅಲ್ಲಿಂದ ಮುಂದೆ ಚಿತ್ತವಾಡ್ಗಿಯಲ್ಲಿ ಬಸ್ ಬಂತಾ ಎಂದು ಯಾರೂ ಕೇಳಲಿಲ್ಲ. "ಎಮ್ಮಿ ಬಂದ್ವೇನಲೇ?" ಎಂದೇ ಕೇಳುತ್ತಿದ್ದರು.

ಸುದ್ದಿ ಕಚೇರಿ ಮುಟ್ಟಿತು. ಅನುಮತಿಯಿಲ್ಲದ ಎಮ್ಮೆಗಳು ನಗರ ಬಸ್ಸು ನಿಲ್ಲಿಸುವುದು ಶಿಸ್ತಲ್ಲವೆಂದು ಪ್ರಕಟಣೆ ಹೊರಟಿತು: "ನಿಲುಗಡೆ ಸೇವೆಯನ್ನು ಹೊರಗುತ್ತಿಗೆಗೆ ವಹಿಸಲಾಗುವುದು. ಎಮ್ಮೆಗಳು ಕೊಂಬು, ಬಾಲ ಹಾಗೂ ಪೂರ್ವಾನುಭವ ಹೊಂದಿರತಕ್ಕದ್ದು." ಟೆಂಡರು ಕೆಂಚಣ್ಣನಿಗೇ ಆಯಿತು. ಪೂರ್ವಾನುಭವ ಇನ್ಯಾರ ಎಮ್ಮೆಗಿತ್ತು?

"ಹಂಗಾರ ನನ್ನ ಎಮ್ಮಿ ಸರ್ಕಾರಿ ನೌಕರರೇನ್ರೀ?" ಕೆಂಚಣ್ಣನ ಎದೆಯುಬ್ಬಿತು.

"ಹಂಗ ಅನಬ್ಯಾಡ," ಲಿಂಗರಾಜ್ ಎಚ್ಚರಿಸಿದರು. "ಗುತ್ತಿಗಿ ನೌಕರರು. ಪಿಂಚಣಿ ಇಲ್ಲ."

ಉದ್ಘಾಟನೆಗೆ ಎಮ್ಮೆಗಳ ಕೊರಳಿಗೆ ಹಾರ ಬೇಕಲ್ಲ. ಕಚೇರಿಯವರು ಕೊಟ್ರಮ್ಮನ ಬುಟ್ಟಿಯನ್ನೇ ಪೂರ್ತಿ ಕೊಂಡರು. ಲಿಂಗರಾಜ್ ರಿಬ್ಬನ್ ಕತ್ತರಿಸಿದರು, ಹಿರಿಯ ಎಮ್ಮೆ ಅದನ್ನು ತಿಂದಿತು, ಜನ ಚಪ್ಪಾಳೆ ತಟ್ಟಿದರು. ಬಸ್ಸು ಬಂತು, ನಿಯಮಾನುಸಾರ ನಿಂತಿತು. ಖಾಲಿ ಬುಟ್ಟಿ ಹಿಡಿದು ಕೊಟ್ರಮ್ಮ ಹತ್ತಿದಳು.

"ಹೂವೆಲ್ಲ ಇಲ್ಲೇ ಮಾರಿದೆಲ್ಲಬೇ ಯಕ್ಕಾ, ಮತ್ತೆಲ್ಲಿಗೆ ಹೊಂಟಿ?" ಈಶ್ವರ್ ಕೇಳಿದ.

"ನಿಂತೈತಲ್ಲೋ ತಮ್ಮಾ! ಇಷ್ಟೆಲ್ಲ ಮಾಡಿ ನಿಂದ್ರಿಸ್ಯಾವು, ಹತ್ತಲಿಲ್ಲಂದ್ರ ಎಮ್ಮಿ ಏನನ್ಕೋತಾವು?"

ಬಸ್ಸಿನೊಳಗಿದ್ದವರೆಲ್ಲ ಹೌದು ಹೌದೆಂದು ತಲೆಯಾಡಿಸಿದರು. ಎಮ್ಮೆಗಳ ನಿಲುಗಡೆ ಅಧಿಕೃತವಾದ ಆ ದಿನ 2024ನೇ ಇಸವಿ ಸೆಪ್ಟೆಂಬರ್ 23, ಸೋಮವಾರ.